ಚತುರ್ದಶಿಯ ಆಗಬೋಟಿ

ಆಗಿನ ಹುಬ್ಬಳ್ಳಿಯಲ್ಲಿ ನಮ್ಮಂಥವರ ಪಾಲಿಗೆ ಸಮುದ್ರವೆಂದರೆ ಉಪ್ಪಿನ ಡಬ್ಬಿಯಲ್ಲಿ ಇದ್ದಷ್ಟೇ. ಅದನ್ನು ಕಣ್ಣಾರೆ ಕಂಡವರು ನಮ್ಮ ಓಣಿಯಲ್ಲಿ ಒಬ್ಬರೋ ಇಬ್ಬರೋ. ಅವರು ಸಂಜೆ ಕಟ್ಟೆಯ ಮೇಲೆ ಕುಳಿತು ಹೇಳುವ ತೆರೆಗಳ ಕಥೆಯನ್ನು ನಾವು ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದೆವು. ಉಣಕಲ್ ಕೆರೆಗಿಂತ ದೊಡ್ಡದೇನು ಎಂದು ನನ್ನ ತಮ್ಮ ಕೇಳಿದರೆ ಅವರು ನಗುತ್ತಿದ್ದರು.

ಗೋವಾ ನಮ್ಮ ದೇಶಕ್ಕೆ ಸೇರಿದ ಮೇಲಿನ ಮೊದಲ ಬೇಸಿಗೆ ಅದು. ನನಗೆ ಹತ್ತು ವರ್ಷ, ತಮ್ಮ ಭರತನಿಗೆ ಆರು. ಕೇಶ್ವಾಪುರದಲ್ಲಿ ಎರಡು ಕೋಣೆ, ಒಂದು ಅಂಗಳದ ಬಾಡಿಗೆ ಮನೆ. ಅಪ್ಪ ಹತ್ತಿಯ ಅಡತಿ ಅಂಗಡಿಯಲ್ಲಿ ಗುಮಾಸ್ತ. ಹತ್ತಿಯ ಸುಗ್ಗಿ ಮುಗಿದ ಮೇಲೆ ಬೇಸಿಗೆಯಲ್ಲಿ ಅವನಿಗೆ ಒಂದಿಷ್ಟು ಬಿಡುವು ಸಿಗುತ್ತಿತ್ತು. ಆ ಬಿಡುವಿನಲ್ಲಿ ಅವನು ಮನೆಯಲ್ಲಿ ಒಂದು ಕಡೆ ಕೂತದ್ದನ್ನು ನಾನು ಕಂಡಿಲ್ಲ. ಕಿಟಕಿ ರಿಪೇರಿ ಮಾಡುವನು, ಅರ್ಧಕ್ಕೆ ಬಿಟ್ಟು ಮಾರ್ಕೆಟ್ಟಿಗೆ ಹೋಗುವನು, ಬಂದು ಮತ್ತೊಂದು ಹಿಡಿಯುವನು. ಆ ವರ್ಷ ಅವನು ಹಿಡಿದದ್ದು ಆಗಬೋಟಿಯನ್ನು.

ಹಬೆಯಿಂದ ನಡೆಯುವ ಹಡಗಿಗೆ ನಮ್ಮ ಕಡೆ ಎಲ್ಲರೂ ಆಗಬೋಟಿ ಅನ್ನುತ್ತಿದ್ದರು. ಕೊಂಕಣದ ಬಂದರುಗಳಿಂದ ಮುಂಬಯಿಗೆ ಅದು ಜನರನ್ನು ಒಯ್ಯುತ್ತಿತ್ತು. ಮಧ್ಯಾಹ್ನ ವೆಂಗುರ್ಲಾದಲ್ಲಿ ಹತ್ತಿದರೆ ಮರುದಿನ ಬೆಳಗಿಗೆ ಮುಂಬಯಿ. ಮಾರ್ಕೆಟ್ಟಿಗೆ ತೆಂಗಿನಕಾಯಿ ಲಾರಿ ತರುತ್ತಿದ್ದ ವೆಂಗುರ್ಲಾದ ವ್ಯಾಪಾರಿಯೊಬ್ಬ ಅದರ ವರ್ಣನೆ ಮಾಡಿದ್ದೇ ತಡ, ಅಪ್ಪನ ತಲೆಯಲ್ಲಿ ಅದು ಕೂತುಬಿಟ್ಟಿತು.

ಕೂರಲು ಕಾರಣವೂ ಇತ್ತು. ಮುಂಬಯಿಯಲ್ಲಿ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಒಂದು ಬಟ್ಟೆ ಗಿರಣಿಯ ಆಫೀಸಿನಲ್ಲಿದ್ದ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವನಿಗೆ ಆ ಚಳಿಗಾಲದಲ್ಲಿ ಹೆಣ್ಣುಮಗು ಹುಟ್ಟಿತ್ತು. ಅವನ ಹೆಂಡತಿ, ನಮ್ಮ ಕಾಕು, ಬಾಣಂತಿತನದಲ್ಲಿ ಬಹಳ ಸೋತಿದ್ದಳು. ಮಗುವನ್ನು ಎತ್ತಿಕೊಂಡು ಅಷ್ಟು ದೂರ ಬರುವ ಹಾಗಿರಲಿಲ್ಲ. ಅಜ್ಜಿಗೆ ಆ ಮಗುವನ್ನು ನೋಡುವ ಆಸೆ. ಬಾಯಿ ಬಿಟ್ಟು ಹೇಳುವವಳಲ್ಲ, ಆದರೆ ಯಾರ ಮನೆಯ ಕೂಸು ಅತ್ತರೂ ಕಿವಿ ಅತ್ತ ಹೊರಳುತ್ತಿತ್ತು.

ರೈಲಿನಲ್ಲಿ ಹೋದರಾಗದೇ ಎಂದು ಈಗಿನವರು ಕೇಳಬಹುದು. ಅಜ್ಜಿಗೆ ದಮ್ಮು. ಎರಡು ವರ್ಷ ಹಿಂದೆ ಕಾಕಾನ ಮನೆಗೆಂದೇ ಹೊರಟಾಗ ಕಲ್ಲಿದ್ದಲಿನ ಹೊಗೆ ಕಿಟಕಿಯಿಂದ ನುಗ್ಗಿ ಅವಳಿಗೆ ಉಸಿರು ಕಟ್ಟಿ, ಮಿರಜಿನಲ್ಲೇ ಇಳಿಸಿ ವಾಪಸು ಕರೆತರಬೇಕಾಯಿತು. ಆ ಸಲ ಅವಳ ತುಟಿ ನೀಲಿಯಾಗಿದ್ದನ್ನು ನಾನು ನೋಡಿದ್ದೆ. ಡಾಕ್ಟರು, ಇನ್ನು ಮೇಲೆ ರೈಲಿನ ಹೆಸರು ಎತ್ತಬೇಡಿರಿ, ಬೇಕಾದರೆ ಸಮುದ್ರದ ಗಾಳಿ ಒಳ್ಳೆಯದು ಎಂದಿದ್ದರು. ಬೇರೆ ಯಾವ ಮಾತೂ ನೆನಪಿಲ್ಲದ ಅಪ್ಪ ಸಮುದ್ರದ ಗಾಳಿಯ ಮಾತೊಂದನ್ನು ಮಾತ್ರ ಗಟ್ಟಿ ಹಿಡಿದುಕೊಂಡಿದ್ದ.

ಆದರೆ ಅಜ್ಜಿಯನ್ನು ಹೊರಡಿಸುವುದೆಂದರೆ ಅವಳ ಊಟವನ್ನು ಹೊರಡಿಸುವುದು. ನಾವು ಜೈನರು. ಮನೆಯಲ್ಲಿ ನಾವೆಲ್ಲ ನಿಯಮದಲ್ಲಿ ಅಷ್ಟಿಷ್ಟು ಸಡಿಲವಾಗಿದ್ದರೂ ಅಜ್ಜಿ ಒಂದಿಷ್ಟೂ ಬಿಟ್ಟುಕೊಟ್ಟವಳಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ, ನೆಲದೊಳಗೆ ಬೆಳೆಯುವ ಯಾವುದೂ ಆಗದು. ನೀರು ಬಟ್ಟೆಯಲ್ಲಿ ಸೋಸಿ ಕುದಿಸಿರಬೇಕು. ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲ. ಹೋಟೆಲಿನದು ಮುಟ್ಟಳು. ನಿನ್ನೆ ಮಾಡಿದ್ದು ಇವತ್ತು ತಿನ್ನಳು. ಒಣಗಿಸಿದ ಕಡಕ್ ರೊಟ್ಟಿ ನಡೆಯುತ್ತಿತ್ತು, ಆದರೆ ಅದನ್ನು ಕಡಿಯಲು ಬಾಯಲ್ಲಿ ಹಲ್ಲಿರಲಿಲ್ಲ. ಇನ್ನು ಅಪ್ಪನಿಗೆ ಹೊಟ್ಟೆಹುಣ್ಣು. ಖಾರ ತಾಗಿದರೆ ಎರಡು ದಿನ ಮಲಗುತ್ತಿದ್ದ. ಭರತ ಬಸ್ಸು ಹತ್ತಿದ ಕೂಡಲೇ ವಾಂತಿ ಮಾಡುವವನು. ಹಡಗಿನಲ್ಲಿ ಚಹಾದ ಅಂಗಡಿ ಉಂಟು, ಊಟವೂ ಸಿಗುತ್ತದೆ, ಆದರೆ ಎಲ್ಲದಕ್ಕೂ ಮೀನಿನ ವಾಸನೆ ಎಂದು ಕಾಕಾ ಬರೆದು ತಿಳಿಸಿದ್ದ.

ಹೀಗಾಗಿ ಆ ಬೇಸಿಗೆ ನಮ್ಮ ಅಡಿಗೆಮನೆ ಪರೀಕ್ಷೆಯ ಕೋಣೆಯಾಯಿತು. ಅವ್ವ ಒಂದೊಂದು ತಿನಿಸು ಮಾಡಿ, ಬಟ್ಟೆ ಕಟ್ಟಿ, ಅಂಗಳದ ಬಿಸಿಲು ಬೀಳುವ ಮೂಲೆಯಲ್ಲಿ ಇಡುತ್ತಿದ್ದಳು. ಬಸ್ಸಿನ ಮೇಲಿನ ಗಂಟು ಇಷ್ಟೇ ಬಿಸಿಯಾಗುತ್ತದೆ ಎಂದು ಅಪ್ಪನ ಲೆಕ್ಕ. ಗೋಧಿಯ ಉಂಡಿ ತಡೆದವು. ಪುಟಾಣಿ ಹಿಟ್ಟು ತಡೆಯಿತು. ಚಪಾತಿ ಸಂಜೆಗೆ ಹುಳಿ ನಾತ ಹೊಡೆಯಿತು. ಬೆಲ್ಲದ ಹೋಳಿಗೆಯನ್ನು ಇರುವೆಗಳು ಹೊತ್ತೊಯ್ದವು. ನಾನೂ ಭರತನೂ ಆ ಮೂಲೆಗೆ ದಿನಕ್ಕೆ ಹತ್ತು ಸಲ ಹೋಗಿ ಗಂಟು ಬಿಚ್ಚಿ ಮೂಸಿ ನೋಡಿ ಕಟ್ಟುತ್ತಿದ್ದೆವು. ಮೂಸಿದ್ದಕ್ಕೇ ಉಂಡಿಗಳು ಕಡಿಮೆಯಾಗುತ್ತಿದ್ದವು. ಶೇಂಗಾ ಹುರಿದ ವಾಸನೆ, ಒಲೆಯ ಹೊಗೆ, ಅವ್ವನ ಸೆರಗಿನ ಬೆವರು, ಇವೆಲ್ಲ ಕೂಡಿದ ಒಂದು ವಾಸನೆ ಆ ತಿಂಗಳೆಲ್ಲ ನಮ್ಮ ಮನೆಯಲ್ಲಿತ್ತು.

ನನಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಶಾಲೆಗೆ ಸೂಟಿ ಬಿಟ್ಟಿತ್ತು. ಕುಂಟಾಟ ಆಡಲು ಹೋದರೆ ಅರ್ಧಕ್ಕೆ ಬಿಟ್ಟು ಓಡಿ ಬರುತ್ತಿದ್ದೆ, ನಾನಿಲ್ಲದಾಗ ಎಲ್ಲಿ ಏನು ನಿರ್ಧಾರವಾಗಿಬಿಡುತ್ತದೋ ಎಂದು. ಗೆಳತಿಯರು ನೀನು ಹೋಗುವುದು ಸುಳ್ಳು ಎಂದು ಕಾಡುತ್ತಿದ್ದರು. ನನಗೂ ಒಳಗೊಳಗೆ ಅದೇ ಹೆದರಿಕೆ. ಏಕೆಂದರೆ ಮಳೆಗಾಲ ಹಿಡಿಯುವ ಮೊದಲು ಆಗಬೋಟಿಗಳು ನಿಂತುಬಿಡುತ್ತಿದ್ದವು. ಮತ್ತೆ ಶುರುವಾಗುವುದು ಗಣಪತಿಯ ಸುಮಾರಿಗೆ. ದಿನಗಳು ಕಳೆಯುತ್ತಿದ್ದವು, ಅಪ್ಪ ಒಂದು ದಿನ ಮಾಡಿದ ಪ್ರಯಾಣದ ಬೇತನ್ನು ಮರುದಿನ ಅಳಿಸಿ ಮತ್ತೊಂದು ಮಾಡುತ್ತಿದ್ದ.

ಅವನ ಕೈಯಲ್ಲಿ ಇದ್ದದ್ದು ಅಂಗಡಿಯ ಮಾಲೀಕರು ದೀಪಾವಳಿಗೆ ಖುಷಿಯಾಗಿ ಕೊಟ್ಟ ಹಣ. ಅದರಾಚೆ ಒಂದು ಪೈಸೆಯನ್ನೂ ಸಾಲ ತರುವುದಿಲ್ಲ ಎಂಬುದು ಅವನ ಹಟ. ಕೊನೆಗೆ ನಿಂತ ಬೇತು ಹೀಗಿತ್ತು: ಬೋಟಿನ ಹಿಂದಿನ ದಿನವೇ ವೆಂಗುರ್ಲಾ ತಲುಪುವುದು. ಅಲ್ಲಿ ನಮ್ಮ ಸಮಾಜದ ಒಬ್ಬ ಹೆಂಗಸು ದಾರಿಹೋಕರಿಗೆ ಇಳಿದುಕೊಳ್ಳಲು ಖೋಲಿ ಕೊಟ್ಟು, ಸೋಸಿದ ನೀರಿನಲ್ಲಿ ಅಡಿಗೆ ಮಾಡಿ ಬಡಿಸುತ್ತಿದ್ದಳಂತೆ. ಅಜ್ಜಿ ಅಲ್ಲಿ ದಣಿವಾರಿಸಿಕೊಂಡು, ಮರುದಿನ ಬಿಸಿ ಅನ್ನ ಉಂಡು ಬೋಟು ಹತ್ತುವುದು. ಆ ಹೆಂಗಸಿಗೆ ಕೊಡಬೇಕಾದ್ದು ಕಡಿಮೆಯೇನೂ ಇರಲಿಲ್ಲ. ಆದರೂ ಅಪ್ಪ ಗೆದ್ದವನ ಹಾಗೆ ಆ ದಿನ ಸೀಟಿ ಹೊಡೆಯುತ್ತ ತಿರುಗಾಡಿದ.

ಮರುದಿನ ಸಂಜೆ ಅಂಗಳ ತೊಳೆದು ಒಣಗಿದ ಮೇಲೆ ಅವನು ಸೀಮೆಸುಣ್ಣ ತೆಗೆದುಕೊಂಡು ಫರಸಿ ಕಲ್ಲಿನ ಮೇಲೆ ಒಂದು ಉದ್ದ ಚೌಕ ಬರೆದ. ಬೋಟಿನ ಅಗ್ಗದ ಟಿಕೀಟಿನವರಿಗೆ ಬೆಂಚೂ ಇಲ್ಲ, ಕುರ್ಚಿಯೂ ಇಲ್ಲ. ಬಯಲು ಹಲಗೆಯ ಮೇಲೆ ಎಷ್ಟು ಜಮಖಾನೆ ಹಾಸುತ್ತೀರೋ ಅಷ್ಟೇ ನಿಮ್ಮ ಜಾಗ. ಅಷ್ಟರಲ್ಲಿ ಒಂದು ರಾತ್ರಿ ಕಳೆಯಲು ನಾವು ಮೊದಲೇ ರೂಢಿ ಮಾಡಿಕೊಳ್ಳಬೇಕು ಎಂದು ಅವನ ವಾದ.

"ಇದು ನಮ್ಮ ಜಾಗಾ. ಇದರ ಹೊರಗ ಕಾಲು ಚಾಚಿದ್ರ ಮಂದಿ ಬೈತಾರ," ಅಂದ.

ಅಜ್ಜಿಯನ್ನು ಒಂದು ಮೂಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ. ಅವಳ ಪಕ್ಕ ನೀರಿನ ತಂಬಿಗೆ. ಈ ಕಡೆ ಭರತ, ಕಾಲ ಬಳಿ ನಾನು, ಅಡ್ಡವಾಗಿ ಅವನು. ಚೌಕ ತುಂಬಿತು. ನಾವು ಮಕ್ಕಳು ಕಿಲಕಿಲ ನಗುತ್ತ ಒಬ್ಬರನ್ನೊಬ್ಬರು ತಳ್ಳುತ್ತಿದ್ದೆವು. ಒಳಗೆ ಅವ್ವ ಹುರಿಗಡಲೆ ಬೀಸುತ್ತಿದ್ದ ಕಲ್ಲಿನ ಸದ್ದು ಬರುತ್ತಿತ್ತು. ಆ ಸದ್ದು ಕೇಳಿಯೇ ಇರಬೇಕು, ನಾನು ಕೇಳಿದೆ:

"ಅಪ್ಪಾ, ಅವ್ವಾ ಎಲ್ಲಿ ಕೂಡತಾಳ?"

ಅಪ್ಪ ಸೀಮೆಸುಣ್ಣದ ತುಂಡನ್ನು ಬೆರಳಲ್ಲಿ ತಿರುಗಿಸುತ್ತ ಕೂತ. ಒಳಗೆ ಬೀಸುಕಲ್ಲು ಒಂದು ಗಳಿಗೆ ನಿಂತಿತು. ಆಮೇಲೆ ಅವ್ವನ ದನಿ ಬಂತು, ದಿನದ ದನಿಯೇ:

"ನಾ ಬಂದ್ರ ಮನಿ ಯಾರು ನೋಡಬೇಕು. ನೀ ಸುಮ್ಮ ಕೂಡ ರತ್ನಾ."

ಮತ್ತೆ ಕಲ್ಲು ತಿರುಗತೊಡಗಿತು.

ಅದು ಅವರಿಬ್ಬರಲ್ಲಿ ಮೊದಲೇ ಆದ ಮಾತು. ವೆಂಗುರ್ಲಾದ ಖೋಲಿ, ಆ ಹೆಂಗಸಿನ ಅಡಿಗೆ, ಇಷ್ಟಾದ ಮೇಲೆ ಕೈಯಲ್ಲಿ ಉಳಿಯುವುದು ಇಬ್ಬರು ದೊಡ್ಡವರ, ಇಬ್ಬರು ಮಕ್ಕಳ ಟಿಕೀಟಿನಷ್ಟೇ. ಬಿಟ್ಟುಕೊಡಬೇಕಾದವರು ಯಾರು ಎಂದು ಅವರು ಚರ್ಚೆಯನ್ನೇ ಮಾಡಿರಲಿಕ್ಕಿಲ್ಲ. ತಿಂಗಳಿಡೀ ಒಲೆಯ ಮುಂದೆ ಕೂತು, ತಾನು ಹೋಗದ ದಾರಿಗೆ ಬುತ್ತಿ ಪರೀಕ್ಷೆ ಮಾಡುತ್ತಿದ್ದಳು ಅವ್ವ. ನನಗೆ ಅದು ಹೊಳೆದದ್ದು ಆ ಸಂಜೆ. ನಾನು ಚೌಕದಿಂದ ಎದ್ದು ಹೋದೆ. ಅಪ್ಪ ಕರೆದರೂ ಬರಲಿಲ್ಲ. ಮರುದಿನವೂ ಆಟ ಶುರುವಾದಾಗ ನಾನು ಗೆರೆಯ ಹೊರಗೇ ನಿಂತೆ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಅಜ್ಜಿಯ ಮೇಲೆ ಇದ್ದೀತು. ಅವಳೊಬ್ಬಳ ಊಟದ ಸಲುವಾಗಿ ಇಷ್ಟೆಲ್ಲ ಎಂದು ಅವಳಿಗೆ ಕೇಳುವ ಹಾಗೆಯೇ ಗೊಣಗಿದೆ.

ಅಜ್ಜಿ ಕೇಳಿಸಿಕೊಂಡಳು. ಅಪ್ಪನನ್ನು ಕರೆದು ವೆಂಗುರ್ಲಾದ ಖೋಲಿ ಯಾತಕ್ಕೆ ಎಂದು ಕೇಳಿದಳು. ನಿನ್ನ ಸಲುವಾಗಿ ಅವ್ವಾ ಅಂದ ಅಪ್ಪ. ನೀವೆಲ್ಲ ಕಟ್ಟಿಕೊಂಡು ಹೋದದ್ದನ್ನು ತಿಂತೀರೇನು ಎಂದು ಕೇಳಿದಳು. ತಿಂತೇವಿ ಅಂದ. ಹಾಗಾದರೆ ಬಿಸಿ ಅನ್ನ ಬೇಕಾದದ್ದು ನನಗೊಬ್ಬಳಿಗೇ ಅಲ್ಲವೇ ಎಂದು ಇನ್ನೊಂದು ಸಲ ಖಾತ್ರಿ ಮಾಡಿಕೊಂಡಳು.

ಮರುದಿನ ಬೆಳಿಗ್ಗೆ ಬಸದಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಿಸಿಲೇರಿದ ಮೇಲೆ ಏದುಸಿರು ಬಿಡುತ್ತ ಬಂದು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಹಿಟ್ಟಿನ ಗೊಂಬೆ ಮಾಡುತ್ತ ಕೂತಿದ್ದೆ.

"ಪದ್ಮಾ, ಮುಂದಿನ ಚತುರ್ದಶಿ ದಿನ ಬೋಟು ಹತ್ತೂಣು. ಪಂಡಿತರ ಕಡೆ ಕೇಳಿ ಬಂದೇನಿ," ಅಂದಳು ಅಜ್ಜಿ. "ಅವತ್ತ ಹೆಂಗಿದ್ರೂ ನಂದು ಉಪವಾಸ. ಉಪವಾಸ ಮಾಡಾಕಿಗೆ ಖೋಲಿ ಯಾಕ, ಒಲಿ ಯಾಕ?"

ಪ್ರತಿ ಅಷ್ಟಮಿ, ಚತುರ್ದಶಿಗೆ ಅವಳು ಊಟ ಬಿಡುತ್ತಿದ್ದದ್ದು ನಿಜ. ಅದು ಮನೆಯಲ್ಲಿ ಎಷ್ಟು ರೂಢಿಯಾಗಿತ್ತೆಂದರೆ ನಮಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ. ಹಿಂದಿನ ದಿನ ಬೆಳಗಾವಿಯ ಬಂಧುಗಳ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಉಂಡು, ಚತುರ್ದಶಿಯ ಬೆಳಿಗ್ಗೆ ಬಸ್ಸು ಹಿಡಿದರೆ ವೆಂಗುರ್ಲಾದಲ್ಲಿ ಇಳಿದುಕೊಳ್ಳದೆ ನೇರ ಬೋಟು ಹತ್ತಬಹುದು. ಖೋಲಿಯ ಹಣ ಉಳಿದರೆ ಇನ್ನೊಂದು ಟಿಕೀಟು ಬರುತ್ತದೆ. ಎಲ್ಲವನ್ನೂ ಅವಳೇ ದಾರಿಯಲ್ಲಿ ನಡೆಯುತ್ತ ಯೋಚಿಸಿಕೊಂಡು ಬಂದಿದ್ದಳು.

ಅವ್ವ ರೊಟ್ಟಿಯ ಮೇಲಿಂದ ಕೈ ತೆಗೆಯಲಿಲ್ಲ.

"ಬ್ಯಾಡ್ರಿ ಅತ್ತಿ. ಬಿಸಲಾಗ ಬಸ್ಸು, ಅದರ ಮ್ಯಾಲ ಬೋಟು. ಖಾಲಿ ಹೊಟ್ಟೀಲೆ ನಿಮಗ ದಮ್ಮು ಎದ್ರ ನಾವೇನು ಮಾಡೂಣ್ರಿ? ನೀವು ಉಂಡು ಹೋಗ್ರಿ. ನಾ ಇನ್ನೊಮ್ಮೆ ಬರತೀನಿ."

"ಇನ್ನೊಮ್ಮೆ ಯಾವಾಗ?" ಎಂದಳು ಅಜ್ಜಿ. ಅವ್ವ ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ಅಜ್ಜಿಯೇ ಮುಂದುವರಿಸಿದಳು: "ನನ್ನ ಒಂದು ತುತ್ತಿನ ಸಲುವಾಗಿ ನೀ ಮನ್ಯಾಗ ಉಳದ್ರ ಆ ತುತ್ತು ನನಗ ಇಳಿಯಂಗಿಲ್ಲ. ಮದಲ ಹೇಳೇನಿ."

ರೊಟ್ಟಿ ಹೆಂಚಿನ ಮೇಲೆ ಕಪ್ಪಾಗುತ್ತಿತ್ತು. ಅವ್ವ ಅದನ್ನು ತಿರುವಲು ಮರೆತದ್ದನ್ನು ನಾನು ಮೊದಲ ಸಲ ಕಂಡೆ. ಅತ್ತೆ ಸೊಸೆ ಇಬ್ಬರೂ ಹೆಚ್ಚು ಮಾತಾಡುವವರಲ್ಲ. ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಕೆಲಸದ ಮಾತೇ ಅವರ ಮಾತು. ಆ ದಿನವೂ ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ. ಸಂಜೆ ಮಾತ್ರ ಅವ್ವ ತನ್ನ ಟ್ರಂಕು ತೆಗೆದು, ಮದುವೆಯಲ್ಲಿ ಕೊಟ್ಟಿದ್ದ ಹಸಿರು ಇಳಕಲ್ಲ ಸೀರೆಯನ್ನು ಬಿಚ್ಚಿ, ಮಡಿಕೆ ಹರಿದಿದೆಯೇನೋ ಎಂದು ಬೆಳಕಿಗೆ ಹಿಡಿದು ನೋಡಿದಳು.

ಆಮೇಲಿನ ದಿನಗಳು ಮೊದಲಿನವಕ್ಕಿಂತ ಕಷ್ಟವಾದವು. ಆ ವರ್ಷ ಮುಂಗಾರಿಗೆ ಮೊದಲಿನ ಅಡ್ಡಮಳೆ ಬೇಗ ಶುರುವಾಯಿತು. ಮಧ್ಯಾಹ್ನವಾದರೆ ಸಾಕು, ಪಡುವಣದಲ್ಲಿ ಮೋಡ ಕಪ್ಪಾಗಿ ಗಾಳಿ ಎದ್ದು ಧೂಳೆಲ್ಲ ಮನೆಯೊಳಗೆ. ಸಮುದ್ರ ಕೆಟ್ಟರೆ ಬೋಟು ವೇಳೆಗಿಂತ ಮೊದಲೇ ನಿಲ್ಲಿಸುತ್ತಾರೆ ಎಂದು ತೆಂಗಿನಕಾಯಿಯ ವ್ಯಾಪಾರಿ ಹೆದರಿಸಿದ್ದ. ಚತುರ್ದಶಿಯ ಆಚೆ ಉಳಿದಿದ್ದವು ಒಂದೆರಡು ಬೋಟುಗಳಷ್ಟೇ. ಅಪ್ಪ ದಿನಕ್ಕೆರಡು ಸಲ ಬಸ್‌ಸ್ಟ್ಯಾಂಡಿಗೆ ಹೋಗಿ ಕೊಂಕಣದಿಂದ ಬಂದ ಡ್ರೈವರುಗಳನ್ನು ವಿಚಾರಿಸುವನು. ಒಬ್ಬ ಇದೆ ಅನ್ನುವನು, ಇನ್ನೊಬ್ಬ ನಿಂತಿತು ಅನ್ನುವನು. ಗುಡುಗು ಕೇಳಿದಾಗೆಲ್ಲ ನಾನು ಹೊರಗೆ ಓಡಿ ಮೋಡ ಯಾವ ಕಡೆ ಹೋಗುತ್ತಿದೆ ಎಂದು ನೋಡುತ್ತಿದ್ದೆ. ಭರತ ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪು ಮಾಡಿಕೊಂಡ. ಅವ್ವ ಮಾತ್ರ ಬೋಟಿನ ಮಾತೇ ಎತ್ತುತ್ತಿರಲಿಲ್ಲ. ಎತ್ತಿದರೆ ಎಲ್ಲಿ ತಪ್ಪಿಹೋಗುತ್ತದೋ ಎಂಬ ಹಾಗೆ.

ಕೊನೆಗೆ ಖಚಿತ ಸುದ್ದಿ ಇಲ್ಲದೆಯೇ ಹೊರಟೆವು.

ಬೆಳಗಾವಿಯಿಂದ ವೆಂಗುರ್ಲಾದ ಬಸ್ಸು ಘಟ್ಟ ಇಳಿಯುವಾಗ ಭರತ ತಾನು ತಿಂದದ್ದನ್ನೆಲ್ಲ ಹೊರಹಾಕಿದ. ಅಪ್ಪ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಅಜ್ಜಿ ಕಣ್ಣು ಮುಚ್ಚಿ ತುಟಿಯಲ್ಲೇ ಣಮೋಕಾರ ಮಂತ್ರ ಹೇಳುತ್ತಿದ್ದಳು. ಘಟ್ಟ ಇಳಿದಂತೆ ಗಾಳಿ ಅಂಟತೊಡಗಿತು. ಮನೆಗಳ ಗೋಡೆ ಕೆಂಪಾಗಿದ್ದವು, ಎಲ್ಲಿ ನೋಡಿದರೂ ಗೇರು, ಮಾವು. ಕಿಟಕಿಯಿಂದ ಒಂದು ಹೊಸ ವಾಸನೆ ಬಂತು. ಹಸಿ, ಉಪ್ಪು, ಒಣಮೀನು ಎಲ್ಲ ಸೇರಿದ್ದು. ಅಜ್ಜಿ ಸೆರಗನ್ನು ಮೂಗಿಗೆ ಹಿಡಿದಳು. ನಾನು ಎದೆ ತುಂಬ ಎಳೆದುಕೊಂಡೆ.

ಬಂದರಿನಲ್ಲಿ ಇಳಿದು ಅಪ್ಪ ಟಿಕೀಟಿನ ಕಿಟಕಿಯತ್ತ ಓಡಿದ. ನಾವು ಗಂಟುಗಳ ನಡುವೆ ನಿಂತು ಅವನ ಬೆನ್ನನ್ನೇ ನೋಡುತ್ತಿದ್ದೆವು. ಅವನು ತಿರುಗಿ ಕೈ ಎತ್ತಿದಾಗ ಅವ್ವ ನನ್ನ ಭುಜ ಹಿಡಿದಿದ್ದ ಹಿಡಿತ ಸಡಿಲಾಯಿತು. ಬೋಟು ಇತ್ತು.

ಹಡಗು ದಡಕ್ಕೆ ಬರುತ್ತಿರಲಿಲ್ಲ. ದೂರದಲ್ಲಿ ನಿಂತಿತ್ತು. ಅಲ್ಲಿಯವರೆಗೆ ಹೋಡಿಯಲ್ಲಿ, ಅಂದರೆ ಸಣ್ಣ ದೋಣಿಯಲ್ಲಿ, ಹೋಗಬೇಕು. ಅಂಬಿಗರಿಬ್ಬರು ಅಜ್ಜಿಯನ್ನು ಕೇಳದೆಯೇ ಕೂಸಿನಂತೆ ಎತ್ತಿ ಒಳಗೆ ಕೂರಿಸಿದರು. ಪರಪುರುಷರ ಕೈ ಸೋಕಿದ್ದಕ್ಕೆ ಅವಳು ಸಿಟ್ಟಾಗುತ್ತಾಳೆಂದು ನಾನು ಎಣಿಸಿದ್ದೆ. ಅವಳು ಸೆರಗು ಸರಿಮಾಡಿಕೊಂಡು, ಪುಣ್ಯಾ ಬರಲಿ ನಿಮಗ ಎಂದಳು. ಹೋಡಿ ಏರಿ ಇಳಿಯುವಾಗ ಭರತ ಅವ್ವನ ಸೊಂಟಕ್ಕೆ ಅಂಟಿಕೊಂಡಿದ್ದ. ನಾನು ನೀರಲ್ಲಿ ಕೈ ಅದ್ದಿ ನೆಕ್ಕಿ ನೋಡಿದೆ.

ಹಡಗು ಹತ್ತಿ, ಜಮಖಾನೆ ಹಾಸಿ ಕೂತ ಮೇಲೆಯೇ ಅಪ್ಪ ತಲೆ ಎತ್ತಿ ನೋಡಿದ್ದು. ನಮ್ಮ ನೆತ್ತಿಯ ಮೇಲೆ ಒಂದು ದೊಡ್ಡ ಕರೀ ಚಿಮಣಿ. ಭೋಂ ಎಂದು ಕೂಗಿ ಹಡಗು ಹೊರಟಿತು. ಚಿಮಣಿಯಿಂದ ದಟ್ಟ ಹೊಗೆ ಬಂದು ನೇರ ನಮ್ಮ ಮೇಲೆಯೇ ಇಳಿಯಿತು. ರೈಲಿನ ಹೊಗೆ ತಪ್ಪಿಸಲು ಇಷ್ಟೆಲ್ಲ ಮಾಡಿದ ಅಪ್ಪ ಹಡಗಿಗೂ ಹೊಗೆ ಇರುತ್ತದೆಂದು ಯೋಚಿಸಿರಲೇ ಇಲ್ಲ. ಅಜ್ಜಿ ಕೆಮ್ಮತೊಡಗಿದಳು. ಎದೆಯಲ್ಲಿ ದಮ್ಮಿನ ಸಿಳ್ಳು ಶುರುವಾಯಿತು. ಅಪ್ಪ ನಮ್ಮನ್ನು ಎಬ್ಬಿಸಿ ಎಡಕ್ಕೆ ಒಯ್ದ, ಅಲ್ಲಿಯೂ ಹೊಗೆ. ಹಿಂದಕ್ಕೆ ಒಯ್ದ, ಅಲ್ಲಿ ಇನ್ನೂ ಹೆಚ್ಚು. ಎಲ್ಲ ಕಡೆ ಜನ ಹಾಸಿಕೊಂಡು ಕೂತಾಗಿತ್ತು. ಒಬ್ಬನ ಹಾಸಿಗೆ ತುಳಿದು ಬೈಸಿಕೊಂಡ. ಅಜ್ಜಿಯ ತುಟಿಯ ಬಣ್ಣ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಗ ಅವ್ವ ಭರತನನ್ನು ನನ್ನ ಕೈಗೆ ಕೊಟ್ಟು ಎದ್ದಳು. ಗಂಟು ಸಾಮಾನಿನ ನಡುವೆ ದಾರಿ ಮಾಡಿಕೊಳ್ಳುತ್ತ ಹಡಗಿನ ಮೂತಿಯ ಕಡೆ ಹೋದಳು. ಓಣಿಯ ಕಿರಾಣಿ ಅಂಗಡಿಯವನ ಜೊತೆಗೂ ಹೆಚ್ಚು ಮಾತಾಡದ ಅವಳು, ಅಲ್ಲಿ ಬುಟ್ಟಿಗಳ ಜೊತೆ ಕೂತಿದ್ದ ಮೀನುಗಾರ ಹೆಂಗಸರ ಎದುರು ನಿಂತು, ತನಗೆ ಬರುತ್ತಿದ್ದ ಅರೆಬರೆ ಮರಾಠಿಯಲ್ಲಿ ಏನೋ ಹೇಳುವುದು ಕಂಡಿತು. ಕೈಯಿಂದ ತನ್ನ ಎದೆ ಮುಟ್ಟಿ ತೋರಿಸಿದಳು, ನಮ್ಮ ಕಡೆ ಬೊಟ್ಟು ಮಾಡಿದಳು. ಆ ಹೆಂಗಸರಲ್ಲಿ ದಪ್ಪನೆಯ ಒಬ್ಬಾಕೆ ಎದ್ದು ಉಳಿದವರ ಬುಟ್ಟಿಗಳನ್ನು ಕಾಲಿನಿಂದ ಸರಿಸಿ ಜಾಗ ಮಾಡಿಬಿಟ್ಟಳು. ಅಲ್ಲಿ ಎದುರುಗಾಳಿ. ಹೊಗೆಯೆಲ್ಲ ಹಿಂದಕ್ಕೆ ಹೋಗುತ್ತಿತ್ತು.

ಮೀನಿನ ಬುಟ್ಟಿಗಳ ಪಕ್ಕದಲ್ಲಿ ಅಜ್ಜಿ ಕೂತಳು. ಜೀವಮಾನವಿಡೀ ಅಂಥ ಬುಟ್ಟಿ ಕಂಡರೆ ಓಣಿ ಬದಲಿಸುತ್ತಿದ್ದವಳು. ಆ ದಪ್ಪ ಹೆಂಗಸು ತನ್ನ ಬೆನ್ನನ್ನೇ ಒರಗಲು ಕೊಟ್ಟಳು, ಅಜ್ಜಿ ಒರಗಿದಳು. ನಿಧಾನವಾಗಿ ಸಿಳ್ಳು ಕಡಿಮೆಯಾಯಿತು. ಕುದಿಸಿ ತಂದಿದ್ದ ನೀರು ಎರಡು ಗುಟುಕು ಕುಡಿದಳು. ಡಾಕ್ಟರು ಹೇಳಿದ್ದ ಗಾಳಿ ಇದೇನು ಎಂದು ಅಪ್ಪನನ್ನು ಕೇಳಿದಳು. ಅಪ್ಪ ಹೌದೆನ್ನುತ್ತ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಹೊತ್ತು ಇಳಿಯುತ್ತ ಬಂದಿತ್ತು. ಮುಳುಗುವ ಮೊದಲು ನಾವು ಉಣ್ಣಬೇಕು. ಎಂದಿನಂತೆ ಅವ್ವ ಬುತ್ತಿಯ ಗಂಟಿಗೆ ಕೈ ಹಾಕಿದಳು. ಅಜ್ಜಿ ಆ ಗಂಟನ್ನು ತನ್ನ ಕಡೆ ಎಳೆದುಕೊಂಡಳು.

"ನೀ ಕೂಡ. ಇವತ್ತ ನಾ ಬಡಸತೀನಿ."

"ಅತ್ತಿ, ನೀವು ಉಪವಾಸ ಅದೀರಿ..."

"ಉಪವಾಸ ಬಾಯಿಗೆ. ಕೈಗೆ ಅಲ್ಲ."

ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಅಪ್ಪನಿಗೆ ಖಾರವಿಲ್ಲದ ಪುಟಾಣಿ ಹಿಟ್ಟು, ಉಂಡಿ. ಒಬ್ಬೊಬ್ಬರಿಗೆ ಕೊಡುತ್ತ ಬಂದು ಕೊನೆಗೆ ಒಂದು ರೊಟ್ಟಿಯ ಮೇಲೆ ಹಿಂಡಿ ಹಾಕಿ, ಉಂಡಿ ಇಟ್ಟು, ಅವ್ವನ ಕೈಯಲ್ಲಿ ಇಟ್ಟಳು. ನಮ್ಮ ಮನೆಯಲ್ಲಿ ಅವ್ವ ಯಾವಾಗಲೂ ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಒಬ್ಬಳೇ ಉಣ್ಣುತ್ತಿದ್ದಳು. ನಮ್ಮ ಜೊತೆ ಕೂತು ಅವಳು ರೊಟ್ಟಿ ಮುರಿಯುವ ಸದ್ದನ್ನು ನಾನು ಕೇಳಿದ್ದು ಅಲ್ಲಿ. ಅವಳು ತಲೆ ತಗ್ಗಿಸಿಕೊಂಡು ಬಹಳ ನಿಧಾನವಾಗಿ ತಿಂದಳು.

ಉಂಡ ಮೇಲೆ ಅವಳಿಗೆ ಮಾಡಲು ಏನೂ ಇರಲಿಲ್ಲ. ತೊಳೆಯುವ ಪಾತ್ರೆ ಇಲ್ಲ, ಮುಚ್ಚುವ ಒಲೆ ಇಲ್ಲ, ಹಾಲಿಗೆ ಹೆಪ್ಪು ಹಾಕುವುದಿಲ್ಲ. ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಿಚಿದಳು, ಬಿಚ್ಚಿದಳು. ಭರತನ ತಲೆ ಬಾಚಿದ್ದನ್ನೇ ಮತ್ತೆ ಬಾಚಿದಳು. ಜಮಖಾನೆಯ ಮೂಲೆ ಎಳೆದು ಸರಿಮಾಡಿದಳು. ಆಮೇಲೆ ಎದ್ದು ಹೋಗಿ ಕಟಕಟೆಯ ಬಳಿ ನಿಂತಳು. ನಾನು ಹಿಂದೆಯೇ ಹೋದೆ. ಎಡಕ್ಕೆ ನೀರಿನ ಅಂಚಿನಲ್ಲಿ ಸೂರ್ಯ, ಬಲಕ್ಕೆ ಘಟ್ಟದ ಮೇಲೆ ಚತುರ್ದಶಿಯ ಚಂದ್ರ, ನಡುವೆ ನಾವು. ಅವ್ವ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡುತ್ತಿದ್ದಳು. ಯಾವುದನ್ನು ಬಿಟ್ಟರೆ ಯಾವುದು ತಪ್ಪುತ್ತದೋ ಎಂಬ ಅವಸರ ಅವಳಿಗೆ. ಗಾಳಿಗೆ ಸೆರಗು ತಲೆಯಿಂದ ಜಾರಿತ್ತು, ಅದನ್ನು ಅವಳು ಸರಿಪಡಿಸಿಕೊಳ್ಳಲಿಲ್ಲ. ಎರಡೂ ಕೈಗಳನ್ನು ಸುಮ್ಮನೆ ಕಟಕಟೆಯ ಮೇಲೆ ಇಟ್ಟುಕೊಂಡು ನಿಂತಿದ್ದಳು.

ಬೆಳಿಗ್ಗೆ ಮುಂಬಯಿ ಬಂದರಿನ ಧಕ್ಕೆಯಲ್ಲಿ ಕಾಕಾ ನಿಂತಿದ್ದ. ಅವನ ಖೋಲಿಯಲ್ಲಿ ಅಜ್ಜಿ ಸ್ನಾನ ಮಾಡಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡ ಮೇಲೆಯೇ ಕಾಕು ಮಾಡಿದ ಗಂಜಿ ಕುಡಿದು ಉಪವಾಸ ಬಿಟ್ಟಳು. ಮಗು ಅವಳ ಮೂಗುತಿ ಹಿಡಿದು ಎಳೆಯುತ್ತಿತ್ತು. ಮಳೆಗಾಲ ಹಿಡಿದು ಬೋಟು ನಿಂತದ್ದರಿಂದ ಅವಳು ಅಲ್ಲಿಯೇ ಉಳಿದಳು. ಕಾಕು ಮೈ ಹಿಡಿದಳು, ಮಗು ಅಜ್ಜಿಯ ಕೈಯಲ್ಲೇ ಅಂಬೆಗಾಲಿಟ್ಟಿತು. ನಾವು ನಾಲ್ವರು ರೈಲಿನಲ್ಲಿ ಹುಬ್ಬಳ್ಳಿಗೆ ಮರಳಿದೆವು. ದೀಪಾವಳಿಯ ಹೊತ್ತಿಗೆ ಕಾಕಾ ಅಜ್ಜಿಯನ್ನು ಅದೇ ದಾರಿಯಲ್ಲಿ ಕರೆತಂದ. ಆಮೇಲೂ ಅವಳು ಹಲವು ವರ್ಷ ನಮ್ಮ ಜೊತೆ ಇದ್ದಳು. ಅವ್ವ ಊಟಕ್ಕೆ ತಡಮಾಡಿದರೆ, ಹೊತ್ತು ಮುಳುಗೂಕಿಂತ ಮದಲ ನೀನೂ ಉಣ್ಣು ಎಂದು ಒಳಗಿನಿಂದ ಕೂಗುತ್ತಿದ್ದಳು.

ಈಗ ಆ ಬಂದರುಗಳಲ್ಲಿ ಆಗಬೋಟಿ ನಿಲ್ಲುವುದಿಲ್ಲ. ಅಂಥ ಹಡಗುಗಳು ಓಡುತ್ತಿದ್ದವೆಂಬುದೇ ಅಲ್ಲಿನ ಎಷ್ಟೋ ಹುಡುಗರಿಗೆ ತಿಳಿಯದು. ಮೊನ್ನೆ ನನ್ನ ಮೊಮ್ಮಗಳು ಸಮುದ್ರಯಾನಕ್ಕೆ ಹೋಗೂಣೇನಜ್ಜಿ ಎಂದು ಮೊಬೈಲಿನಲ್ಲಿ ಒಂದು ದೊಡ್ಡ ಹಡಗು ತೋರಿಸಿದಳು. ಏಳೋ ಎಂಟೋ ಅಂತಸ್ತು. ಊಟದ ಕಡೆ ಜೈನ ಎಂದು ಒತ್ತಿದರೆ ಸಾಕು, ಹೊತ್ತು ಮುಳುಗುವ ಮೊದಲು ಬಡಿಸುತ್ತಾರಂತೆ. ಒಳ್ಳೆಯದೇ ಆಯಿತು, ಯಾರ ಊಟಕ್ಕಾಗಿಯೂ ಯಾರೂ ಮನೆಯಲ್ಲಿ ಉಳಿಯಬೇಕಿಲ್ಲ. ಆದರೆ ಒಬ್ಬರ ತುತ್ತಿನ ಚಿಂತೆಯಲ್ಲಿ ಇಡೀ ಮನೆ ಒಂದು ಬೇಸಿಗೆ ಚಡಪಡಿಸುವುದು ಹೇಗಿರುತ್ತದೆ ಎಂದು ಅವಳಿಗೆ ತಿಳಿಸಿ ಹೇಳಲು ನನಗೆ ಸಾಧ್ಯವಾಗಲಿಲ್ಲ.

ಅವ್ವ ಮತ್ತೆ ಸಮುದ್ರ ನೋಡಲಿಲ್ಲ. ನಾನು ದುಡಿಯುವಂತಾದ ಮೇಲೆ ಎಷ್ಟೋ ಸಲ ಕರೆದೆ, ಒಮ್ಮಿ ನೋಡೇನಲ್ಲ ಎಂದು ಕೆಲಸಕ್ಕೆ ಎದ್ದುಬಿಡುತ್ತಿದ್ದಳು. ಆ ಸಂಜೆ ಸೂರ್ಯ ಮುಳುಗಿದ ಮೇಲೆ ಚಂದ್ರ ಬಂದನೆಂದು ಭರತನ ವಾದ, ಇಬ್ಬರೂ ಒಟ್ಟಿಗೇ ಇದ್ದರೆಂದು ನನ್ನದು. ಹಬ್ಬಕ್ಕೆ ಕೂಡಿದಾಗಲೆಲ್ಲ ಮುದುಕರಾಗುವವರೆಗೂ ನಾವು ಇದಕ್ಕೆ ಜಗಳಾಡುತ್ತಿದ್ದೆವು. ಹೋದ ವರ್ಷ ಅವನೂ ಹೋದ. ಆ ಜಮಖಾನೆಯ ಮೇಲೆ ಕೂತಿದ್ದ ಐವರಲ್ಲಿ ಈಗ ನಾನೊಬ್ಬಳೇ ಇದ್ದೇನೆ, ನನ್ನ ಮಾತನ್ನು ಸುಳ್ಳು ಎನ್ನುವವರು ಯಾರೂ ಇಲ್ಲ.